ಹೊಣೆಗೇಡಿ ಯಾರು?

ಊರಿನ ಒಂದು ಗಿರಣಿಯ ಬಾಗಿಲಿಗೆ ಹೋದ ವಾರ ನೋಟೀಸು ಅಂಟಿಸಿದ್ದರು. ಪಾಳಿಗೆ ಹತ್ತು ನಿಮಿಷ ತಡವಾಗಿ ಬಂದ ನೂಲು ಖಾತೆಯ ನಾಲ್ವರ ಮೇಲೆ "ಹೊಣೆಗೇಡಿತನ"ದ ಆರೋಪ. ಅದನ್ನೋದಿದ ಹಿರಿಯ ಕಾರ್ಮಿಕರೊಬ್ಬರು ನಮ್ಮ ಕಚೇರಿಗೆ ಬಂದು, "ಮೇಷ್ಟ್ರೇ, ಇದು ಕಾನೂನಿನ ಮಾತೋ, ಬೈಗುಳವೋ?" ಎಂದು ಕೇಳಿದರು.

ಹೊಣೆ ಎಂದರೆ ಜಾಮೀನು, ಹಳಗನ್ನಡದಲ್ಲಿ ಪೊಣೆ. ಒಬ್ಬನ ಸಾಲಕ್ಕೆ ಇನ್ನೊಬ್ಬ ಹೊಣೆ ನಿಂತರೆ, ಸಾಲಗಾರ ಕೈಯೆತ್ತಿದ ದಿನ ನಿಂತವನೇ ತೆರಬೇಕು. 1872ರ ಕರಾರು ಕಾಯಿದೆ ಹೇಳುವುದೂ ಇದನ್ನೇ. ಪೇಟೆಯ ಸಣ್ಣ ವ್ಯಾಪಾರಿಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೆಲವರು ಮನೆಯ ತಾಮ್ರದ ಹಂಡೆ ಮಾರಿ ಕಲಿತಿದ್ದಾರೆ. ಆಡುಮಾತಿನ ಬೇಜವಾಬ್ದಾರಿಯಲ್ಲಿ ಜವಾಬು ಇದೆ. ಸಂಸ್ಕೃತದ ಉತ್ತರದಾಯಿತ್ವದಲ್ಲಿ ಉತ್ತರ ಇದೆ. ಕೇಳಿದಾಗ ಉತ್ತರ ಕೊಡದವನು, ನಿಂತ ಮಾತಿಗೆ ತೆರದವನು ಹೊಣೆಗೇಡಿ. ತಡವಾಗಿ ಬರುವುದು ತಪ್ಪಿರಬಹುದು, ಅದಕ್ಕೆ ತಡ ಎಂಬ ಹೆಸರೇ ಸಾಕು. ಆ ನಾಲ್ವರು ಕೇಳಿದ ಕೂಡಲೆ ಉತ್ತರ ಕೊಟ್ಟಿದ್ದರು: ಬಸ್ಸು ಕೆಟ್ಟಿತ್ತು.

ಈ ಮಾತನ್ನು ನಮ್ಮ ಹಿರಿಯರು ಕೆಳಗಿನಿಂದ ಮೇಲಕ್ಕೆ ಕೇಳಿದ್ದರು. ಮೈಸೂರು ಸಂಸ್ಥಾನದಲ್ಲಿ ದಿವಾನರು ಉತ್ತರ ಹೇಳುತ್ತಿದ್ದುದು ಮಹಾರಾಜರಿಗೆ, ಪ್ರಜೆಗಳಿಗಲ್ಲ. ಅದಕ್ಕೇ "ಜವಾಬ್ದಾರಿ ಸರ್ಕಾರ" ಬೇಕೆಂಬ ಕೂಗೆದ್ದದ್ದು. 1938ರ ಏಪ್ರಿಲಿನಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿ ಜನ ಸತ್ತರು. 1947ರಲ್ಲಿ ಮೈಸೂರು ಚಲೋ ನಡೆದ ಮೇಲೆ, ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. ಮಂತ್ರಿಮಂಡಲವು ವಿಧಾನಸಭೆಗೆ ಸಾಮೂಹಿಕವಾಗಿ ಹೊಣೆಯೆಂದು ಸಂವಿಧಾನದ 164ನೆಯ ವಿಧಿ ಬರೆದಿಟ್ಟಿದೆ. 1956ರಲ್ಲಿ ಅರಿಯಲೂರಿನ ರೈಲು ಅಪಘಾತವಾದಾಗ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರೈಲ್ವೆ ಮಂತ್ರಿಪದವಿ ಬಿಟ್ಟರು. ಎಂಜಿನ್ ಓಡಿಸುತ್ತಿದ್ದವರು ಅವರಲ್ಲ.

ಇನ್ನು ಗಿರಣಿ. ಕುಡಿಯುವ ನೀರಿನ ತೊಟ್ಟಿ ಒಡೆದಿದೆಯೆಂದು ಕಾರ್ಮಿಕ ಸಂಘ ಮೂರು ಕಾಗದ ಬರೆದಿದೆ. ನೀರು ಕೊಡುವುದು ಮಾಲಿಕರ ದಯೆಯಲ್ಲ. 1948ರ ಕಾರ್ಖಾನೆ ಕಾಯಿದೆಯೇ ಅದನ್ನು ಅವರ ತಲೆಗೆ ಕಟ್ಟಿತ್ತು. ಮೂರಕ್ಕೂ ಜವಾಬಿಲ್ಲ. ಹತ್ತು ನಿಮಿಷಕ್ಕೆ ನೋಟೀಸು ಬರೆಯುವ ಗುಮಾಸ್ತರಿಗೆ ಮೂರು ತಿಂಗಳಲ್ಲಿ ಒಂದು ಸಾಲು ಬರೆಯಲು ಪುರಸತ್ತಾಗಲಿಲ್ಲ.

ನಮ್ಮವರನ್ನೂ ಬಿಡಬಾರದು. ಹೋದ ಮುಷ್ಕರದ ನಿಧಿಯ ಲೆಕ್ಕ ಇನ್ನೂ ಸಂಘದ ಹಲಗೆಗೆ ಬಂದಿಲ್ಲ. ಚಂದಾ ಕೊಟ್ಟ ಅಂಗಡಿಯವರು ಕೇಳಿದರೆ "ಆಮೇಲೆ" ಎನ್ನುತ್ತಿದ್ದೇವೆ. ಬರುವ ಭಾನುವಾರದ ಸಭೆಯಲ್ಲಿ ಆ ಲೆಕ್ಕವನ್ನು ಓದಿ ಒಪ್ಪಿಸಲಾಗುವುದು. ಗಿರಣಿಗೆ ಬರೆದ ಮೂರು ಕಾಗದಗಳ ನಕಲೂ ಅಂದು ಮೇಜಿನ ಮೇಲಿರುತ್ತವೆ.