ಉಳಿತಾಯ ಕಂಪನಿಗೆ, ದರ ಏರಿಕೆ ನಮಗೆ

2024ರ ಜುಲೈ ಮೊದಲ ವಾರದಲ್ಲಿ ದೇಶದ ಮೂರು ದೊಡ್ಡ ಖಾಸಗಿ ಮೊಬೈಲ್ ಕಂಪನಿಗಳು ಒಂದು ದಿನದ ಅಂತರದೊಳಗೆ ತಮ್ಮ ದರಗಳನ್ನು ಏರಿಸಿದವು. ಜಿಯೋದ 155 ರೂಪಾಯಿಯ ರೀಚಾರ್ಜ್ 189 ಆಯಿತು. ಏರ್‌ಟೆಲ್‌ನ 179 ರೂಪಾಯಿಯದು 199 ಆಯಿತು. ವೊಡಾಫೋನ್ ಐಡಿಯಾ ಅದೇ ಹಾದಿ ಹಿಡಿಯಿತು. ಮೂವರು ವರ್ತಕರು ಒಂದೇ ಸಂತೆಯಲ್ಲಿ ಒಂದೇ ಬೆಳಿಗ್ಗೆ ಬೆಲೆ ಏರಿಸಿದರೆ ಜನ ಅದಕ್ಕೆ ಏನೆನ್ನುತ್ತಾರೆಂಬುದು ಬಜಾರಿನಲ್ಲಿ ಕೂತ ನಮ್ಮ ಓದುಗರಿಗೆ ಗೊತ್ತು.

ಅವರು ಕೊಡುವ ಕಾರಣ ಒಂದೇ: ಹೊಸ ತಂತ್ರಜ್ಞಾನಕ್ಕೆ ಬಂಡವಾಳ ಹಾಕಿದ್ದೇವೆ, ಅದು ಹಿಂದಿರುಗಬೇಡವೇ? ಹಾಕಿದ್ದಾರೆ, ನಿಜ. 2022ರ ಹರಾಜಿನಲ್ಲಿ ತರಂಗಗುಚ್ಛಕ್ಕೆ ಕೂಗಿದ ಒಟ್ಟು ಬೆಲೆಯೇ ಒಂದೂವರೆ ಲಕ್ಷ ಕೋಟಿ ರೂಪಾಯಿ. ಆದರೆ ಹಾಕಿದ್ದು ಏತಕ್ಕೆ ಎಂದು ಯಾರೂ ಹೇಳುವುದಿಲ್ಲ. ಅದನ್ನು ಯಂತ್ರ ಮಾರುವವರ ಬಾಯಿಂದಲೇ ಕೇಳೋಣ. ಸ್ವೀಡನ್ನಿನ ಎರಿಕ್ಸನ್ ಕಂಪನಿ ತನ್ನ ಗಿರಾಕಿಗಳಿಗೆ ಹೇಳುತ್ತ ಬಂದ ಲೆಕ್ಕದಂತೆ, ಒಂದು ಜಿಬಿ ಡೇಟಾ ಸಾಗಿಸುವ ಖರ್ಚು 4ಜಿಗಿಂತ 5ಜಿಯಲ್ಲಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯಬಲ್ಲದು. ಫಿನ್ಲೆಂಡಿನ ನೋಕಿಯಾ ಮತ್ತು ಸ್ಪೇನಿನ ಟೆಲಿಫೋನಿಕಾ 2020ರಲ್ಲಿ ಜೊತೆಯಾಗಿ ಅಳೆದು, ಅಷ್ಟೇ ಡೇಟಾಕ್ಕೆ 5ಜಿ ಶೇಕಡಾ 90ರವರೆಗೆ ಕಡಿಮೆ ವಿದ್ಯುತ್ ಬಳಸುತ್ತದೆಂದು ಸಾರಿದವು. ಮಾರಾಟಗಾರನ ಮಾತಿನಲ್ಲಿ ಒಗ್ಗರಣೆ ಇದ್ದೇ ಇರುತ್ತದೆ. ಅರ್ಧಕ್ಕರ್ಧ ತಳ್ಳಿ ಹಾಕಿ. ಉಳಿದ ಅರ್ಧವೂ ಸಣ್ಣದಲ್ಲ.

ಈ ಉಳಿತಾಯ ಎಲ್ಲಿಂದ ಬರುತ್ತದೆ? ಹಳೆಯ 2ಜಿಯಲ್ಲಿ ಇಬ್ಬರು ಮಾತಾಡುವಷ್ಟು ಹೊತ್ತೂ ಅವರಿಗೆಂದು ಒಂದು ದಾರಿಯನ್ನು ಕಾಯ್ದಿರಿಸಬೇಕಿತ್ತು. ಅವರು ಸುಮ್ಮನಿದ್ದರೂ ಅದು ಬೇರೆಯವರಿಗೆ ಸಿಗುತ್ತಿರಲಿಲ್ಲ. 4ಜಿಯಲ್ಲಿ ಮಾತು ಚೂರು ಚೂರಾಗಿ ಡೇಟಾದ ಹೆದ್ದಾರಿಯಲ್ಲೇ ಸಾಗುತ್ತದೆ. ವಿಡಿಯೋ ಹೊತ್ತ ಆ ಹೆದ್ದಾರಿಗೆ ಮಾತಿನ ಹೊರೆ, ಲಾರಿಯ ಮೇಲೆ ಇಟ್ಟ ಬುತ್ತಿಗಂಟಿನಷ್ಟು. ಮೇಲಾಗಿ ಎರಡು ಮೂರು ಜಾಲಗಳಿಗೆ ಬದಲು ಒಂದೇ ಜಾಲ ಸಾಕು: ಯಂತ್ರ, ವಿದ್ಯುತ್, ರಿಪೇರಿ ಎಲ್ಲದರಲ್ಲೂ ಮಿಗುತ್ತದೆ. ಏರ್‌ಟೆಲ್ 2019ರಲ್ಲಿ ಕೋಲ್ಕತ್ತದಿಂದ ಆರಂಭಿಸಿ ತನ್ನ 3ಜಿಯನ್ನು ಮುಚ್ಚುತ್ತ ಹೋದದ್ದು, ಬಿಡುವಾದ ತರಂಗವನ್ನು 4ಜಿಗೆ ಹಾಕಿಕೊಂಡದ್ದು ಇದೇ ಲೆಕ್ಕದಿಂದ.

ಮಾತಿನ ಖರ್ಚು ಕುಸಿದದ್ದಕ್ಕೆ ಸರ್ಕಾರಿ ದಾಖಲೆಯೇ ಸಾಕ್ಷಿ. ಒಂದು ಕಂಪನಿಯ ಗ್ರಾಹಕ ಇನ್ನೊಂದರ ಗ್ರಾಹಕನಿಗೆ ಕರೆ ಮಾಡಿದರೆ ಮೊದಲನೆಯದು ಎರಡನೆಯದಕ್ಕೆ ನಿಮಿಷಕ್ಕಿಷ್ಟೆಂದು ಬಾಡಿಗೆ ಕೊಡಬೇಕಿತ್ತು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಅದನ್ನು 2017ರ ಅಕ್ಟೋಬರಿನಲ್ಲಿ 14 ಪೈಸೆಯಿಂದ 6 ಪೈಸೆಗೆ ಇಳಿಸಿತು. 2021ರ ಜನವರಿ 1ರಿಂದ ಸೊನ್ನೆ ಮಾಡಿತು. ಕಂಪನಿ ಕಂಪನಿಗಳ ನಡುವೆ ಮಾತಿಗೆ ಬೆಲೆ ಸೊನ್ನೆ! ಮಾತಾಡಲೆಂದೇ ಫೋನು ಇಟ್ಟುಕೊಂಡ ಕಾರ್ಮಿಕನಿಗೆ?

ಅವನ ಲೆಕ್ಕ ಇದು. 2018ರ ಕೊನೆಯಲ್ಲಿ ಏರ್‌ಟೆಲ್ ಮತ್ತು ವೊಡಾಫೋನ್ ಐಡಿಯಾ ಸಿಮ್ ಜೀವಂತವಿರಬೇಕಾದರೆ 28 ದಿನಕ್ಕೊಮ್ಮೆ 35 ರೂಪಾಯಿ ಹಾಕಲೇಬೇಕೆಂದು ಕಟ್ಟುಮಾಡಿದವು. ಏರ್‌ಟೆಲ್‌ನಲ್ಲಿ ಆ ಕೆಳಗಿನ ಮೆಟ್ಟಿಲು 2021ರ ನವೆಂಬರಿನಲ್ಲಿ 99ಕ್ಕೆ, 2023ರಲ್ಲಿ 155ಕ್ಕೆ ಏರಿತು. 28 ದಿನದ ಅತಿ ಅಗ್ಗದ ಅನಿಯಮಿತ ಕರೆಯ ರೀಚಾರ್ಜ್ 2024ರಲ್ಲಿ 199. (ಕಂಪನಿಗಳ ತಿಂಗಳಿಗೆ 28 ದಿನ, ಆದ್ದರಿಂದ ವರ್ಷಕ್ಕೆ 13 ತಿಂಗಳು. ನಾವು ಮೇಷ್ಟರಾಗಿದ್ದಾಗ ಮಕ್ಕಳಿಗೆ ಹನ್ನೆರಡೆಂದೇ ಕಲಿಸಿದ್ದೆವು.) 199ನ್ನು 13ರಿಂದ ಗುಣಿಸಿದರೆ 2,587 ರೂಪಾಯಿ. ಆಗ 35ಕ್ಕೆ ಅನಿಯಮಿತ ಕರೆ ಇರಲಿಲ್ಲ, ಈಗ ಇದೆ, ಒಪ್ಪೋಣ. ಆದರೆ ಊರಿನ ತಾಯಿಯ ಕರೆ ಬಂದರೆ ಸಾಕು ಎನ್ನುವವನಿಗೆ ಆ 35ರ ಆಯ್ಕೆಯನ್ನೇ ಇಲ್ಲವಾಗಿಸಿದವರು ಯಾರು? ಸಿಮ್ ಸತ್ತರೆ ಬ್ಯಾಂಕಿನ ಒಟಿಪಿ ಇಲ್ಲ. ಅಂಗಡಿಯವನ ಯುಪಿಐ ವ್ಯವಹಾರವೂ ಕಷ್ಟ. ಹಿಂದೆ ಹತ್ತು ರೂಪಾಯಿಯ ಕರೆನ್ಸಿ ಹಾಕಿ ನಾಲ್ಕು ಕಾಸು ಕಾಣುತ್ತಿದ್ದ ಗೂಡಂಗಡಿಯವನ ಕಮಿಷನ್ನನ್ನು ಈಗ ಆ್ಯಪುಗಳು ನುಂಗುತ್ತಿವೆ.

ಭಾರತದಲ್ಲಿ ಡೇಟಾ ಲೋಕದಲ್ಲೇ ಅಗ್ಗ ಎಂದು ಕಂಪನಿಗಳ ವಕೀಲರು ಎದುರು ಹೇಳುತ್ತಾರೆ. ಹತ್ತು ವರ್ಷಗಳಲ್ಲಿ ಜಿಬಿಯ ಬೆಲೆ ಬಹಳ ಇಳಿದಿದೆ. 2016ರಲ್ಲಿ ಜಿಯೋ ಬಂದ ಮೇಲೆ ಇಳಿದ ಬೆಲೆಯ ಲಾಭ ನಮ್ಮ ಮಕ್ಕಳೂ ಪಡೆದಿದ್ದಾರೆ. ಆದರೆ ಅಕ್ಕಿ ಅಗ್ಗವೆಂದು ತೋರಿಸಿ, ಮೂಟೆ ಕೊಂಡರಷ್ಟೇ ಕೊಡುತ್ತೇವೆ, ಸೇರು ಮಾರುವುದಿಲ್ಲ ಎಂದರೆ ಬಡವನಿಗೆ ಅದು ಅಗ್ಗವೇ? ಏರ್‌ಟೆಲ್‌ಗೆ ಒಬ್ಬ ಗ್ರಾಹಕನಿಂದ ತಿಂಗಳಿಗೆ ಸರಾಸರಿ ಬರುತ್ತಿದ್ದ ಆದಾಯ 2019ರ ಕೊನೆಯ ತ್ರೈಮಾಸಿಕದಲ್ಲಿ 135 ರೂಪಾಯಿ; 2025ರ ಮೊದಲ ತ್ರೈಮಾಸಿಕದಲ್ಲಿ 245. ಇದನ್ನು 300ಕ್ಕೆ ಒಯ್ಯಬೇಕೆಂದು ಅದರ ಅಧ್ಯಕ್ಷ ಸುನಿಲ್ ಮಿತ್ತಲ್ ಬಹಿರಂಗವಾಗಿಯೇ ಹೇಳಿದ್ದಾರೆ.

ಗಿರಣಿಯ ಅಣ್ಣಂದಿರಿಗೆ ಈ ಕತೆ ಹೊಸದಲ್ಲ. ತಾನಾಗಿ ನಡೆಯುವ ಮಗ್ಗ ಬಂದಾಗ ಒಬ್ಬನ ಕೈಗೆ ನಾಲ್ಕು ಮಗ್ಗ ಬಂತು, ಮೂವರು ಮನೆಗೆ ಹೋದರು, ಬಟ್ಟೆಯ ಬೆಲೆ ಇಳಿಯಲಿಲ್ಲ. ಇಲ್ಲಿಯೂ ಹಾಗೆ. 2020ರ ಜನವರಿ ಕೊನೆಯಲ್ಲಿ ಬಿಎಸ್ಸೆನ್ನೆಲ್‌ನಿಂದ 78 ಸಾವಿರಕ್ಕೂ ಹೆಚ್ಚು ನೌಕರರು ಸ್ವಯಂ ನಿವೃತ್ತಿಯ ಹೆಸರಿನಲ್ಲಿ ಒಂದೇ ಬಾರಿಗೆ ಹೊರನಡೆದರು. ಖಾಸಗಿಯವರು 5ಜಿ ಆರಂಭಿಸಿದ್ದು 2022ರ ಅಕ್ಟೋಬರಿನಲ್ಲಿ. ಜನರ ಕಂಪನಿಯ ಸ್ವದೇಶಿ 4ಜಿಗೆ ವಿಧ್ಯುಕ್ತ ಚಾಲನೆ ಸಿಕ್ಕಿದ್ದು 2025ರ ಸೆಪ್ಟೆಂಬರಿನಲ್ಲಿ. ಅದರ ಯಂತ್ರಗಳಲ್ಲಿ ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್‌ನ ಕೈವಾಡವೂ ಇದೆ. ಕೈಲಾಗದ ದೇಶವಲ್ಲ ನಮ್ಮದು; ತಡ ಮಾಡಿದವರು ಆಳುವವರು. ಇಷ್ಟಾದರೂ 2024ರ ಜುಲೈ ಏರಿಕೆಯ ತಿಂಗಳಲ್ಲಿ ಮೂರೂ ಖಾಸಗಿ ಕಂಪನಿಗಳು ಗ್ರಾಹಕರನ್ನು ಕಳೆದುಕೊಂಡವು, ದರ ಏರಿಸದ ಬಿಎಸ್ಸೆನ್ನೆಲ್‌ಗೆ 29 ಲಕ್ಷ ಜನ ಹೆಚ್ಚಿದರು.

ತರಂಗ ಯಾರಪ್ಪನ ಆಸ್ತಿಯೂ ಅಲ್ಲ, ಸಾರ್ವಜನಿಕ ಸೊತ್ತು. ಅದನ್ನು ಬಳಸುವವರು 2ಜಿ, 4ಜಿ, 5ಜಿಗಳಲ್ಲಿ ಒಂದು ನಿಮಿಷಕ್ಕೆ, ಒಂದು ಜಿಬಿಗೆ ತಮಗೆ ತಗಲುವ ಖರ್ಚನ್ನು ಪ್ರಕಟಿಸಲೆಂದು ಟ್ರಾಯ್ ಆಜ್ಞೆ ಮಾಡಬೇಕು. ದರ ನಿಗದಿಯನ್ನು ಕಂಪನಿಗಳ ಮರ್ಜಿಗೆ ಬಿಟ್ಟ ಅದರ ನೀತಿ ಹೋಗಬೇಕು. 2024ರ ಡಿಸೆಂಬರಿನಲ್ಲಿ ಟ್ರಾಯ್, ಡೇಟಾ ಬೇಡದವರಿಗೆ ಕರೆ ಮತ್ತು ಎಸ್ಸೆಮ್ಮೆಸ್ ಮಾತ್ರದ ರೀಚಾರ್ಜ್ ಕೊಡಿರೆಂದು ಆದೇಶಿಸಿತು, ಒಳ್ಳೆಯದು. ಮರುತಿಂಗಳು ಕಂಪನಿಗಳು ತಂದದ್ದೇನು? 84 ದಿನಕ್ಕೆ ಜಿಯೋ 448, ಏರ್‌ಟೆಲ್ 469. ಅದೂ ಮೊದಲು ಹೇಳಿದ ಬೆಲೆಗೆ ಟ್ರಾಯ್ ಕಣ್ಣು ಬಿಟ್ಟ ಮೇಲೆ ತುಸು ಇಳಿಸಿ. ವಾರದ ಬಟವಾಡೆ ನೋಡಿಕೊಂಡು ಬದುಕುವವನು ಒಂದೇ ಏಟಿಗೆ 450 ರೂಪಾಯಿ ಎಲ್ಲಿಂದ ತಂದಾನು? ಮೂವತ್ತು ದಿನಕ್ಕೆ, ಮಾತಿಗೆ ಮಾತ್ರ, ಸೇರಿನ ಲೆಕ್ಕದ ಚೀಟಿ ಬೇಕು. ಓದುಗರು ತಮ್ಮ ತಮ್ಮ ಸಂಘದಿಂದ, ವರ್ತಕರ ಮಂಡಳಿಯಿಂದ ಟ್ರಾಯ್‌ಗೆ ಇದೇ ಒಂದು ಬೇಡಿಕೆಯ ಪತ್ರ ಬರೆಯಲಿ. ನಕಲನ್ನು ನಮಗೂ ಕಳುಹಿಸಲಿ, ಅಚ್ಚು ಹಾಕುತ್ತೇವೆ.