ನಕಲಿ ವಸೂಲಿ, ಅಸಲಿ ಹೊಣೆ

ಸಾಲ ಕೊಟ್ಟವನಲ್ಲ, ಕೊಟ್ಟವನು ಕಳುಹಿಸಿದವನೂ ಅಲ್ಲ. ಆದರೂ ಸಾಲದ ಹೆಸರಿನಲ್ಲಿ ಬೆದರಿಸಿ ಹಣ ಕೀಳುವ ವರ್ಗವೊಂದು ನಮ್ಮ ನಡುವೆ ನೆಲೆಯೂರಿ ವರ್ಷಗಳೇ ಆದವು. ಎಂದೋ ತೀರಿಸಿದ ಸಾಲಕ್ಕೆ, ಪಡೆಯದೇ ಇದ್ದ ಸಾಲಕ್ಕೆ, ಕೇಳದೆಯೇ ಖಾತೆಗೆ ಬಂದು ಬಿದ್ದ ಎರಡು ಮೂರು ಸಾವಿರ ರೂಪಾಯಿಗೆ ಇವರು ಬಾಕಿ ಕೇಳುತ್ತಾರೆ. ಖಾಕಿ ತೊಟ್ಟ ಚಿತ್ರವಿರುವ ವಾಟ್ಸ್‌ಆ್ಯಪ್ ಸಂಖ್ಯೆಯಿಂದ ಬಂಧನದ ಭಯ ಹುಟ್ಟಿಸುತ್ತಾರೆ. ನ್ಯಾಯಾಲಯದ ಮುದ್ರೆಯನ್ನು ಹೋಲುವ ನೋಟಿಸು ಕಳುಹಿಸುತ್ತಾರೆ. ಅದಕ್ಕೂ ಮಣಿಯದಿದ್ದರೆ ತಿರುಚಿದ ಭಾವಚಿತ್ರಗಳನ್ನು ಬಂಧುಬಳಗಕ್ಕೆ ಹಂಚುತ್ತಾರೆ. ಇದನ್ನು ಸೈಬರ್ ಅಪರಾಧದ ಖಾತೆಗೆ ಜಮಾ ಮಾಡಿ ಕೈತೊಳೆದುಕೊಳ್ಳುವುದು ಎಲ್ಲರಿಗೂ ಅನುಕೂಲ. ಆದರೆ ಖೋಟಾ ನಾಣ್ಯ ಚಲಾವಣೆಯಾಗುವುದು ಅದು ಅಸಲಿಯನ್ನು ಹೋಲುವುದರಿಂದ. ನಕಲಿ ವಸೂಲಿಗಾರನನ್ನು ಜನ ನಂಬುವುದು ಏಕೆಂದರೆ, ಅಸಲಿ ವಸೂಲಿಗಾರನೂ ಹೀಗೆಯೇ ಬರುತ್ತಾನೆ, ಹೀಗೆಯೇ ಮಾತನಾಡುತ್ತಾನೆ ಎಂಬುದನ್ನು ಅವರು ಅನುಭವದಿಂದ ಬಲ್ಲರು.

ನಿಯಮಗಳಿಗೆ ಕೊರತೆಯಿಲ್ಲ. ವಸೂಲಿಗಾಗಿ ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಕರೆ ಮಾಡಕೂಡದು ಎಂದು ರಿಸರ್ವ್ ಬ್ಯಾಂಕ್ 2022ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು. ಕಿರುಸಾಲಗಳ ವಿಷಯದಲ್ಲಿ ಆ ಮಿತಿ ಇನ್ನೂ ಬಿಗಿ, ಬೆಳಿಗ್ಗೆ 9ರಿಂದ ಸಂಜೆ 6. ವಸೂಲಿಗೆ ಬರುವವನ ಬಳಿ ಅಧಿಕಾರ ಪತ್ರವೂ ಗುರುತಿನ ಚೀಟಿಯೂ ಇರಬೇಕು. ಬಾಹುಬಲದಿಂದ ಸಾಲ ವಸೂಲು ಮಾಡುವುದನ್ನು ಸುಪ್ರೀಂ ಕೋರ್ಟ್ 2007ರಷ್ಟು ಹಿಂದೆಯೇ ಖಂಡಿಸಿತ್ತು. ಇಷ್ಟಿದ್ದೂ ಸಾಲ ಕೊಡುವಾಗ ಹವಾನಿಯಂತ್ರಿತ ಕೊಠಡಿಯಲ್ಲಿ ನಗುನಗುತ್ತಾ ಕುಳಿತಿರುವ ಸಂಸ್ಥೆ, ಕೇಳುವ ಹೊತ್ತು ಬಂದಾಗ ಆ ಕೆಲಸವನ್ನು ಗುತ್ತಿಗೆದಾರನಿಗೆ ವಹಿಸುತ್ತದೆ; ಗುತ್ತಿಗೆದಾರ ಉಪಗುತ್ತಿಗೆದಾರನಿಗೆ; ಕೊನೆಗೆ ಮನೆಯ ಬಾಗಿಲು ಬಡಿಯುವ ಯುವಕನಿಗೆ ತಾನು ಯಾರ ಪರವಾಗಿ ಬಂದಿದ್ದೇನೆಂಬುದೂ ಸರಿಯಾಗಿ ತಿಳಿದಿರುವುದಿಲ್ಲ. ಕೆಲಸದ ಒಂದೊಂದು ಕೈ ಬದಲಾವಣೆಯಲ್ಲೂ ಸಾಲಗಾರನ ಹೆಸರು, ವಿಳಾಸ, ಬಾಕಿ ಮೊತ್ತ, ಮೊಬೈಲ್ ಸಂಖ್ಯೆಗಳ ಪಟ್ಟಿ ಇನ್ನೊಬ್ಬನ ಪಾಲಾಗುತ್ತದೆ. ಆ ಪಟ್ಟಿ ಎಲ್ಲಿ ಸೋರಿತೆಂದು ಯಾವ ಸಂಸ್ಥೆಯೂ ಸ್ವಪ್ರೇರಣೆಯಿಂದ ಲೆಕ್ಕ ಒಪ್ಪಿಸಿದ ನೆನಪು ನಮಗಿಲ್ಲ.

ಈ ದಂಧೆಯ ಬಂಡವಾಳ ಹಣವಲ್ಲ, ಮರ್ಯಾದೆ. ಸಾಲ ತೀರಿಸಲಾಗದ ಸ್ಥಿತಿಗಿಂತ ಅದು ನಾಲ್ಕು ಜನಕ್ಕೆ ಗೊತ್ತಾಗುವ ಸ್ಥಿತಿ ನಮ್ಮಲ್ಲಿ ಹೆಚ್ಚು ಅಸಹನೀಯ. ಮೀಟರ್ ಬಡ್ಡಿಯವನಿಗೆ ಇದು ಹಿಂದೆಯೇ ಗೊತ್ತಿತ್ತು; ಸಂತೆಯ ನಡುವೆ ನಿಲ್ಲಿಸಿ ಕೇಳುತ್ತಿದ್ದ. ಕಿರುಸಾಲದ ಸಂಘಗಳಲ್ಲಿ ಒಬ್ಬಳ ಕಂತು ತಪ್ಪಿದರೆ ಉಳಿದವರೇ ಅವಳ ಮನೆ ಮುಂದೆ ಕೂರುವಂತಾಯಿತು. ಸಾಲದ ಆ್ಯಪ್‌ಗಳು ಅದೇ ಸಂತೆಯನ್ನು ಮೊಬೈಲಿನೊಳಕ್ಕೆ ತಂದವು. ಅನುಮತಿಯ ಗುಂಡಿ ಒತ್ತಿದ ಕ್ಷಣದಲ್ಲಿ ತವರಿನವರು, ಮೇಲಧಿಕಾರಿ, ಮಗಳ ಶಾಲೆಯ ಶಿಕ್ಷಕಿ, ಎಲ್ಲರ ಸಂಖ್ಯೆಗಳೂ ಒತ್ತೆಯಾದವು. 2025ರ ಆರಂಭದಲ್ಲಿ ಚಾಮರಾಜನಗರದ ಗ್ರಾಮಗಳಲ್ಲಿ ಕಿರುಸಾಲ ವಸೂಲಿಯ ಕಿರುಕುಳಕ್ಕೆ ಬೀಗ ಬಿದ್ದ ಮನೆಗಳನ್ನು ಕಂಡವರಿಗೆ, ಆ ಕುಟುಂಬಗಳು ಊರು ಬಿಟ್ಟದ್ದು ಬಾಕಿಯ ಮೊತ್ತಕ್ಕೆ ಮಾತ್ರ ಅಂಜಿ ಅಲ್ಲವೆಂಬುದು ಅರ್ಥವಾಗಿರಬೇಕು.

ನಿಯಂತ್ರಕರ ನಡೆ ನೋಡಿದರೆ ವ್ಯಾಧಿ ತಿಳಿದಿದ್ದೂ ಔಷಧ ತಡವಾದ ಕಥೆ ಕಾಣುತ್ತದೆ. ಆ್ಯಪ್ ಮಳಿಗೆಗಳಲ್ಲಿದ್ದ ಸುಮಾರು 1,100 ಸಾಲದ ಆ್ಯಪ್‌ಗಳ ಪೈಕಿ 600ರಷ್ಟು ಅಕ್ರಮವೆಂದು ರಿಸರ್ವ್ ಬ್ಯಾಂಕಿನ ಕಾರ್ಯತಂಡ 2021ರ ನವೆಂಬರ್‌ನಲ್ಲಿ ವರದಿ ಮಾಡಿತು. ಅನಧಿಕೃತ ಸಾಲ ವ್ಯವಹಾರವನ್ನು ನಿಷೇಧಿಸುವ ಪ್ರತ್ಯೇಕ ಕಾಯ್ದೆ ಬೇಕೆಂದೂ ಹೇಳಿತು. ಅಂಥ ಮಸೂದೆಯ ಕರಡನ್ನು ಕೇಂದ್ರ ಸರ್ಕಾರ ಜನರ ಮುಂದಿಟ್ಟದ್ದು 2024ರ ಡಿಸೆಂಬರ್‌ನಲ್ಲಿ. ನಡುವೆ ಮೂರು ವರ್ಷ. ಅಧಿಕೃತ ಆ್ಯಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಸಾರ್ವಜನಿಕರಿಗೆ ಲಭ್ಯವಾದದ್ದು 2025ರ ಜುಲೈನಲ್ಲಿ. ಆಸ್ಪತ್ರೆಯ ಖರ್ಚಿಗೆ ರಾತ್ರಿ ಹನ್ನೊಂದಕ್ಕೆ ಐದು ಸಾವಿರ ಹುಡುಕುವ ದಿನಗೂಲಿಯವನು ಆ ಪಟ್ಟಿಯನ್ನು ತಾಳೆ ನೋಡಿಯೇ ಮುಂದುವರಿಯುತ್ತಾನೆಂದು ನಿರೀಕ್ಷಿಸುವುದು, ಅವನ ಬದುಕಿನ ಪರಿಚಯವಿಲ್ಲದವರ ಆಶಾವಾದ.

ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದು, ಬಲವಂತದ ವಸೂಲಿಗೆ ಹತ್ತು ವರ್ಷಗಳವರೆಗಿನ ಸೆರೆವಾಸ, 5 ಲಕ್ಷ ರೂಪಾಯಿಗಳವರೆಗಿನ ದಂಡ ವಿಧಿಸಿದ್ದು ಸ್ವಾಗತಾರ್ಹ ಕ್ರಮವೇ. ರಾಜ್ಯಪಾಲರು ಒಮ್ಮೆ ಹಿಂತಿರುಗಿಸಿ, ಬಳಿಕ ಅಂಕಿತ ಹಾಕಿದ ಆ ಶಾಸನದ ಮಹತ್ವದ ಅಂಶ ಶಿಕ್ಷೆಯ ಪ್ರಮಾಣವಲ್ಲ. ದೂರು ದಾಖಲಿಸಲು ಪೊಲೀಸರು ನಿರಾಕರಿಸುವಂತಿಲ್ಲವೆಂಬ ವಿಧಿ. ಹಾಗೆ ಬರೆಯಬೇಕಾಗಿ ಬಂದದ್ದೇ ಠಾಣೆಗಳ ನಡವಳಿಕೆಗೆ ಸರ್ಕಾರ ತಾನಾಗಿ ಕೊಟ್ಟ ಪ್ರಮಾಣಪತ್ರ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಣಿಯಾದ ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಆ ಶಾಸನದ ವ್ಯಾಪ್ತಿಯ ಹೊರಗೆ ಉಳಿದವು. ಅಚ್ಚನ್ನು ಹಾಗೆಯೇ ಬಿಟ್ಟು ಖೋಟಾ ನಾಣ್ಯಗಳನ್ನಷ್ಟೇ ಹೆಕ್ಕುವ ಶ್ರಮ ಇದು.

ಸಾಲ ಬಾಕಿ ಉಳಿಯುವುದು ತನ್ನಷ್ಟಕ್ಕೆ ಸಿವಿಲ್ ವ್ಯವಹಾರ. ಅದಕ್ಕಾಗಿ ಪೊಲೀಸರು ಯಾರನ್ನೂ ಬಂಧಿಸುವಂತಿಲ್ಲ. ಬೆದರಿಸಿ ಹಣ ಪಡೆಯುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಪ್ರಕಾರ ಸುಲಿಗೆ. ಪೊಲೀಸನೆಂದು ಸೋಗು ಹಾಕುವುದು 204ನೇ ಕಲಮಿನ ಅಪರಾಧ. ವಾಸ್ತವದಲ್ಲಿ ನಡೆಯುತ್ತಿರುವುದು ಇದರ ತಲೆಕೆಳಗು: ಸಿವಿಲ್ ಬಾಕಿಯನ್ನು ವಸೂಲಿಗಾರ ಕ್ರಿಮಿನಲ್ ಅಪರಾಧವೆನ್ನುತ್ತಾನೆ, ಕ್ರಿಮಿನಲ್ ಅಪರಾಧವನ್ನು ಠಾಣೆ ಸಿವಿಲ್ ವ್ಯವಹಾರವೆಂದು ಸಾಗಹಾಕುತ್ತದೆ. ಅಧಿಕಾರ ಪತ್ರ ಕೇಳಿ, ಅಪರಿಚಿತರ ಖಾತೆಗೆ ಹಣ ಹಾಕಬೇಡಿ, ಸಾಲ ಕೊಟ್ಟ ಶಾಖೆಯಲ್ಲೇ ವಿಚಾರಿಸಿ, ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ ಎಂಬ ಬುದ್ಧಿವಾದವನ್ನು ನಾಗರಿಕರಿಗೆ ಹೇಳುವವರು ಅದರ ಮರುದಿನದ ಕಥೆಯನ್ನೂ ಕೇಳಬೇಕು. ಧೈರ್ಯ ತಂದುಕೊಂಡು, ಬೆದರಿಕೆಯ ಸಂದೇಶಗಳನ್ನು ಅಳಿಸದೆ ಉಳಿಸಿಕೊಂಡು, ಮನೆಯವರಿಗೂ ಹೇಳದ ವಿಷಯವನ್ನು ಹೇಳಲೆಂದು ಠಾಣೆಯ ಮೆಟ್ಟಿಲು ಹತ್ತಿದ ಹೆಣ್ಣುಮಗಳಿಗೆ ಅಲ್ಲಿ ಎದುರಾಗುವ ಮೊದಲ ಪ್ರಶ್ನೆ ಇಂದಿಗೂ ಒಂದೇ: ‘ಸಾಲ ಯಾಕಮ್ಮ ಮಾಡಿದೆ?’