ಥ್ರೆಡ್ ಹೋದ್ರೆ ಹೆಡ್ ಎಸೀಬೇಡಿ, ಮುಚ್ಚಿಡಲೂಬೇಡಿ

1/7
ಹೋದ ವಾರ ಸ್ಟೋರಿಯಲ್ಲಿ ಒಂದು ಫೋಟೋ ಹಾಕಿದ್ದೆ. ಒಂದು ಸ್ಪಾರ್ಕ್ ಪ್ಲಗ್, ಅದರ ಥ್ರೆಡ್‌ಗೆ ಸುತ್ತಿಕೊಂಡಿರೋ ಬೆಳ್ಳಿ ಬಣ್ಣದ ಸುರುಳಿ. "ಇದೇನು?" ಅಂತ ಕೇಳಿದ್ದೆ. ನಮ್ಮ ಮೆಕ್ಯಾನಿಕಲ್ ಬ್ಯಾಚ್‌ನವರು ಬಿಟ್ರೆ ಜಾಸ್ತಿ ಜನಕ್ಕೆ ಗೊತ್ತಾಗಲಿಲ್ಲ. ಅದು ಸಿಲಿಂಡರ್ ಹೆಡ್‌ನ ಅಲ್ಯೂಮಿನಿಯಂ. ಹೆಡ್ ಒಳಗೆ ಇರಬೇಕಾಗಿದ್ದ ಥ್ರೆಡ್ಡು ಪ್ಲಗ್ ಜೊತೆ ಹೊರಗೆ ಬಂದಿತ್ತು. ಹಾಳು ಮಾಡಿದ್ದು ಬೇರೆ ಯಾರೂ ಅಲ್ಲ, ನಾನೇ.

ಆಮೇಲೆ ಮೆಸೇಜುಗಳು ಬಂದವು. "ಹೊಸ ಹೆಡ್ ಹಾಕ್ಸು", "ಎಪಾಕ್ಸಿ ಹಾಕಿ ಟೈಟ್ ಮಾಡು, ನಡೆಯುತ್ತೆ", "ಗಾಡಿ ಮಾರಿಬಿಡಕ್ಕೆ ಹೇಳು". ಮೂರೂ ತಪ್ಪು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಏಳು ಪೋಸ್ಟ್‌ಗಳಲ್ಲಿ ಬರೀತೀನಿ. ಉದ್ದ ಇದೆ, ಟೈಮ್ ಇದ್ದಾಗ ಓದಿ.

2/7
ಗಾಡಿ ಯಾವುದು ಅಂದ್ರೆ, 1969ರ ಬೀಟಲ್, 1300 ಎಂಜಿನ್. ನಾನು ಓದ್ತಿರೋದು ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ. ಇಲ್ಲಿಂದ ವೋಲ್ಫ್ಸ್‌ಬುರ್ಗ್ ತುಂಬಾ ಹತ್ತಿರ. ಬೀಟಲ್ ಹುಟ್ಟಿದ ಫ್ಯಾಕ್ಟರಿ ಅದೇ. ಅಲ್ಲಿ 1974ರಲ್ಲಿ ಅದರ ಉತ್ಪಾದನೆ ನಿಂತಿತು, ಜರ್ಮನಿಯಲ್ಲೇ ಪೂರ್ತಿ ನಿಂತಿದ್ದು 1978ರಲ್ಲಿ, ಮೆಕ್ಸಿಕೋದಲ್ಲಿ ಕೊನೇ ಗಾಡಿ ಹೊರಬಂದಿದ್ದು 2003ರಲ್ಲಿ. ಒಟ್ಟು 2 ಕೋಟಿ 15 ಲಕ್ಷಕ್ಕೂ ಹೆಚ್ಚು. ಹಾಗಾಗಿ ಈ ಊರಲ್ಲಿ ಹಳೇ ಬೀಟಲ್ ಇಟ್ಕೊಂಡಿರೋ ಅಜ್ಜಂದಿರು ಇನ್ನೂ ಸಿಗ್ತಾರೆ. ನನ್ನ ಮನೆ ಓನರ್ ಅವರಲ್ಲಿ ಒಬ್ರು.

ಅವರಿಗೆ ಬೆನ್ನು ನೋವು, ಬಗ್ಗಕ್ಕೆ ಆಗಲ್ಲ. "ನೀನು ಎಂಜಿನಿಯರ್ ತಾನೆ, ಪ್ಲಗ್ ಬದಲಾಯಿಸಿ ಕೊಡ್ತೀಯಾ?" ಅಂದ್ರು. ಒಪ್ಪಿಕೊಂಡೆ. ಬೀಟಲ್‌ನಲ್ಲಿ ಎಂಜಿನ್ ಇರೋದು ಹಿಂದೆ. 2 ಮತ್ತು 4ನೇ ಸಿಲಿಂಡರ್ ಪ್ಲಗ್ ನಮ್ಮ ಕಡೆಗೇ ಇವೆ, ಸುಲಭ. 1 ಮತ್ತು 3 ಒಳಗಡೆ, ಕೈ ತೂರಿಸಬೇಕು, ಕಣ್ಣಿಗೆ ಕಾಣಲ್ಲ. ನಾನು 3ನೇದಕ್ಕೆ ಪ್ಲಗ್ ಸಾಕೆಟ್‌ಗೆ ಉದ್ದನೆ ಎಕ್ಸ್‌ಟೆನ್ಷನ್ ಹಾಕಿ, ಮೊದಲ ಸುತ್ತಿನಿಂದಲೇ ರ್‍ಯಾಚೆಟ್‌ನಲ್ಲಿ ತಿರುಗಿಸಿದೆ. ಸ್ವಲ್ಪ ಬಿಗಿ ಅನ್ನಿಸ್ತು. "ಕಾರ್ಬನ್ ಇರಬೇಕು" ಅಂದ್ಕೊಂಡೆ. ಇನ್ನೂ ಒಂದು ಸುತ್ತು. ಇನ್ನೂ ಬಿಗಿ. ಆಮೇಲೆ ಇದ್ದಕ್ಕಿದ್ದಂಗೆ ಸಡಿಲ.

ಆ ಸಡಿಲ ಆಗೋ ಕ್ಷಣ ಇದೆಯಲ್ಲ, ಒಂದ್ಸಲ ಅನುಭವಿಸಿದೋರಿಗೆ ಮಾತ್ರ ಗೊತ್ತು. ಹೊಟ್ಟೆಯೊಳಗೆ ಏನೋ ಕುಸಿದಂಗಾಯ್ತು.

3/7
ಇದು ಯಾಕೆ ಇಷ್ಟು ಸುಲಭವಾಗಿ ಆಗುತ್ತೆ? ಪ್ಲಗ್‌ನ ಮೈ ಉಕ್ಕಿನದು, ಹೆಡ್ ಅಲ್ಯೂಮಿನಿಯಂನದು. ಜಗಳದಲ್ಲಿ ಯಾವಾಗಲೂ ಸೋಲೋದು ಮೆತ್ತಗಿರೋನು. ಪ್ಲಗ್ ಥ್ರೆಡ್ 14 ಮಿಲಿಮೀಟರ್ ಅಗಲ, ಪಿಚ್ 1.25, ಉದ್ದ 12.7 ಮಿಲಿಮೀಟರ್. ಲೆಕ್ಕ ಹಾಕಿ: ಎಲ್ಲಾ ಸೇರಿ ಹತ್ತು ಸುತ್ತು. ಅದರಲ್ಲಿ ಮೊದಲ ಎರಡು ಸುತ್ತು ಓರೆಯಾಗಿ ಕೂತ್ರೆ ಉಳಿದಿದ್ದೆಲ್ಲಾ ಅದೇ ದಾರೀಲಿ ಕೊಚ್ಚಿಕೊಂಡು ಹೋಗುತ್ತೆ.

ನೀರಿಲ್ಲದ, ಗಾಳಿಯಿಂದಲೇ ತಣ್ಣಗಾಗೋ ಎಂಜಿನ್ ಇದು. ಹೆಡ್ ಬಿಸಿ ಜಾಸ್ತಿ. ಬಿಸಿಗೆ ಅಲ್ಯೂಮಿನಿಯಂ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತೆ. ದಿನಾ ಹಿಗ್ಗಿ ಕುಗ್ಗಿ, ಐವತ್ತು ವರ್ಷದಲ್ಲಿ ಎಷ್ಟೋ ಸಲ ಪ್ಲಗ್ ಬಿಚ್ಚಿ ಹಾಕಿ, ಥ್ರೆಡ್ ಮೊದಲೇ ಸುಸ್ತಾಗಿರುತ್ತೆ. ಹಳೇ ಮಾದರಿಯಲ್ಲಿ 3ನೇ ಸಿಲಿಂಡರ್ ಪಾಡು ಇನ್ನೂ ಕಷ್ಟ, ಅದಕ್ಕೆ ಹೋಗೋ ಗಾಳಿಯ ದಾರಿಯಲ್ಲೇ ಆಯಿಲ್ ಕೂಲರ್ ಇದೆ. ಬಿಸಿಯಾದ ಗಾಳಿಯೇ ಅದರ ಪಾಲಿಗೆ.

"ಅರ್ಧ ಥ್ರೆಡ್ ಉಳಿದಿದೆಯಲ್ಲ, ಹಿಡ್ಕೊಳ್ಳುತ್ತೆ" ಅಂದೋರಿಗೆ ಒಂದು ಲೆಕ್ಕ. ಪವರ್ ಸ್ಟ್ರೋಕ್‌ನಲ್ಲಿ ಒಳಗಿನ ಒತ್ತಡ 40 ಬಾರ್ ಅಂತ ಇಟ್ಕೊಳ್ಳಿ. 14 ಮಿಲಿಮೀಟರ್ ತೂತಿನ ಮೇಲೆ ಅದು ಅರವತ್ತು ಕೆ.ಜಿ.ಗೂ ಸ್ವಲ್ಪ ಜಾಸ್ತಿ ತಳ್ಳುತ್ತೆ. 3000 ಆರ್‌ಪಿಎಂನಲ್ಲಿ ಒಂದು ಸಿಲಿಂಡರ್ ಸೆಕೆಂಡಿಗೆ 25 ಸಲ ಉರಿಯುತ್ತೆ. ಒಬ್ಬ ದೊಡ್ಡ ಮನುಷ್ಯ ಸೆಕೆಂಡಿಗೆ 25 ಸಲ ಆ ಪ್ಲಗ್‌ನ ಒಳಗಿಂದ ಒದೀತಾ ಇದ್ದಂಗೆ.

4/7
ಈಗ ನೀವು ಕೊಟ್ಟ ಸಲಹೆಗಳು.

ಎಪಾಕ್ಸಿ: ಬೇಡ. ಪ್ಲಗ್‌ನ ಬಿಸಿ ಹೆಡ್‌ಗೆ ಹರಿದು ಹೋಗೋದು ಥ್ರೆಡ್ ಮತ್ತು ವಾಷರ್ ಮೂಲಕ. ಮಧ್ಯೆ ಅಂಟು ಬಂದ್ರೆ ಆ ದಾರಿ ಮುಚ್ಚಿಹೋಗುತ್ತೆ. ಆ ಬಿಸಿ, ಆ ಒತ್ತಡ ಎರಡಕ್ಕೂ ಅಂಟು ನಿಲ್ಲಲ್ಲ. ನಿಂತ್ರೆ ಇನ್ನೂ ಕಷ್ಟ, ಮುಂದಿನ ಸಲ ಬಿಚ್ಚೋನು ಅಳಬೇಕು.

ಇನ್ನೂ ಟೈಟ್ ಮಾಡೋದು: ಉಳಿದಿರೋದನ್ನೂ ಕಿತ್ತು ಹಾಕೋ ದಾರಿ.

ಹೊಸ ಹೆಡ್: ಇದು ಗೌರವದ ಸಲಹೆ, ಅದಕ್ಕೆ ಗೌರವದಿಂದಲೇ ಉತ್ತರ ಕೊಡ್ತೀನಿ. ಬೀಟಲ್ ಹೆಡ್‌ನಲ್ಲಿ ಪ್ಲಗ್ ತೂತಿನಿಂದ ವಾಲ್ವ್ ಸೀಟ್ ಕಡೆಗೆ ಬಿರುಕು ಬಿಡೋದು ಹಳೇ ಕಾಯಿಲೆ. ಬಿರುಕು ಇದ್ರೆ ಹೆಡ್ ಬದಲಾಯಿಸಲೇಬೇಕು, ವಾದವೇ ಇಲ್ಲ. ಅದಕ್ಕೇ ಮೊದಲು ತೂತಿನೊಳಗೆ ಕ್ಯಾಮೆರಾ ಬಿಟ್ಟು ನೋಡಬೇಕು. ಆದರೆ ಬಿರುಕಿಲ್ಲ, ವಾಲ್ವ್ ಚೆನ್ನಾಗಿವೆ, ಕಂಪ್ರೆಷನ್ ಸರಿ ಇತ್ತು ಅಂದ್ರೆ, ಹತ್ತು ಸುತ್ತು ಥ್ರೆಡ್‌ಗೋಸ್ಕರ ಪೂರ್ತಿ ಹೆಡ್ ಎಸೆಯೋದು ನನಗೆ ಒಪ್ಪಿಗೆಯಿಲ್ಲ. ಹೆಡ್ ಬಿಚ್ಚಿದ್ರೆ ಪುಶ್‌ರಾಡ್ ಟ್ಯೂಬ್‌ಗಳ ಸೀಲ್ ಹೊಸದು ಬೇಕು, ನಟ್‌ಗಳನ್ನ ಕ್ರಮವಾಗಿ ಟಾರ್ಕ್ ಮಾಡಬೇಕು, ಬ್ಯಾರೆಲ್ ಅಲುಗಾಡಿದ್ರೆ ಅಲ್ಲಿಂದ ಇನ್ನೊಂದು ತಲೆನೋವು. ಚಪ್ಪಲಿ ಉಂಗುಷ್ಠ ಕಿತ್ತೋದ್ರೆ ಹೊಲಿಸ್ತೀವಿ, ಹೊಸ ಜೋಡಿ ತರಲ್ಲ. ನಾವು ಬೆಳೆದಿದ್ದು ಹಂಗೇ ಅಲ್ವಾ?

5/7
ಸರಿಯಾದ ರಿಪೇರಿ ಅಂದ್ರೆ ಇನ್‌ಸರ್ಟ್. ಹಾಳಾದ ತೂತನ್ನ ಸ್ವಲ್ಪ ದೊಡ್ಡದು ಮಾಡಿ, ಹೊಸ ಥ್ರೆಡ್ ಕತ್ತರಿಸಿ, ಅದರೊಳಗೆ ಉಕ್ಕಿನ ಹೊಸ ಥ್ರೆಡ್ ಕೂರಿಸೋದು. ಇದರಲ್ಲಿ ಎರಡು ಬಗೆ. ಒಂದು ಹೆಲಿಕಾಯಿಲ್, ಅಂದ್ರೆ ಸ್ಟೇನ್‌ಲೆಸ್ ತಂತಿಯ ಸ್ಪ್ರಿಂಗ್. ಇನ್ನೊಂದು ಗಟ್ಟಿ ಬುಷ್, ಒಳಗೂ ಹೊರಗೂ ಥ್ರೆಡ್ ಇರೋ ಕೊಳವೆ. ನನ್ನ ಓಟು ಬುಷ್‌ಗೆ. ತಂತಿ ಕೆಲವೊಮ್ಮೆ ಪ್ಲಗ್ ಬಿಚ್ಚುವಾಗ ಅದರ ಜೊತೆಗೇ ಸುರುಳಿ ಬಿಚ್ಚಿಕೊಂಡು ಬರುತ್ತೆ. ಬುಷ್‌ಗೆ ಮೇಲೆ ಅಂಚು ಇರುತ್ತೆ, ಕೂರಿಸುವಾಗ ಕೆಳಗಿನ ಥ್ರೆಡ್ ಹೊರಕ್ಕೆ ಹಿಗ್ಗಿ ಲಾಕ್ ಆಗುತ್ತೆ.

ಎಂಜಿನ್ ಗಾಡಿಯಲ್ಲೇ ಇದ್ದಾಗ ಮಾಡಬಹುದಾ? 2, 4 ಆಗಿದ್ರೆ ನಾನು ಹೂಂ ಅಂತೀನಿ. 3ಕ್ಕೆ ಬೇಡ. ಟ್ಯಾಪ್ ಹಳೇ ತೂತಿನ ನೇರದಲ್ಲೇ ಇಳೀಬೇಕು, ಕಾಣದ ಜಾಗದಲ್ಲಿ ನೇರ ಗೊತ್ತಾಗಲ್ಲ. ಬೀಟಲ್ ಎಂಜಿನ್ ಗೇರ್‌ಬಾಕ್ಸ್‌ಗೆ ಹಿಡಿದಿರೋದು ನಾಲ್ಕೇ ಬೋಲ್ಟ್‌ನಲ್ಲಿ. ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ಸಿಗೋ ವರ್ಕ್‌ಶಾಪ್ ಇಲ್ಲಿ ಇವೆ, ಅಂಥ ಒಂದರಲ್ಲಿ ಇಳಿಸಿದ್ವಿ.

ಕ್ರಮ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಆ ಸಿಲಿಂಡರನ್ನ ಕಂಪ್ರೆಷನ್ ಸ್ಟ್ರೋಕ್‌ನ ತುದಿಗೆ ತನ್ನಿ, ಎರಡೂ ವಾಲ್ವ್ ಮುಚ್ಚಿರುತ್ತೆ. ಫೈರಿಂಗ್ ಆರ್ಡರ್ 1-4-3-2, ಹಾಗಾಗಿ 3ಕ್ಕೆ ಪುಲ್ಲಿ ಗುರುತು 1ರದ್ದೇ, ರೋಟರ್ ಮಾತ್ರ ಎದುರು ದಿಕ್ಕಿಗೆ. ಯಾಕೆ ಈ ಸ್ಥಾನ? ನಮ್ಮ ಬೈಕ್ ಥರ ಇಲ್ಲಿ ಸಿಲಿಂಡರ್ ನಿಂತಿಲ್ಲ, ಮಲಗಿದೆ. ಪಿಸ್ಟನ್ ದೂರ ಇದ್ರೆ ಅಲ್ಯೂಮಿನಿಯಂ ಚೂರು ಸೀದಾ ಸಿಲಿಂಡರ್ ಗೋಡೆ ಮೇಲೆ ಬೀಳುತ್ತೆ. ಹತ್ತಿರ ಇದ್ರೆ ಚೂರೆಲ್ಲಾ ಹೆಡ್‌ನ ಸಣ್ಣ ಜಾಗದಲ್ಲೇ ಉಳಿಯುತ್ತೆ. ಆದರೆ ಟ್ಯಾಪ್ ಪಿಸ್ಟನ್‌ಗೆ ತಾಗದಂಗೆ ಆಳ ಮೊದಲೇ ಅಳೆದು ಗುರುತು ಮಾಡಿ.

ಟ್ಯಾಪ್‌ನ ಸಂದುಗಳಿಗೆ ಗ್ರೀಸ್ ತುಂಬಿ. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಎರಡು ಸುತ್ತಿಗೊಮ್ಮೆ ಹೊರಗೆ ತೆಗೆದು ಒರೆಸಿ, ಹೊಸ ಗ್ರೀಸ್. ನಾವು ಎಷ್ಟು ಸಲ ಒರೆಸಿದ್ವೋ ಲೆಕ್ಕ ಇಲ್ಲ. ಮುಗಿದ ಮೇಲೆ ವ್ಯಾಕ್ಯೂಮ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಎಳೀರಿ, ಕ್ಯಾಮೆರಾ ಬಿಟ್ಟು ನೋಡಿ, ಮತ್ತೆ ಎಳೀರಿ. ಬುಷ್ ಕೂತ ಮೇಲೆ ಅದರ ತುದಿ ಕಂಬಷನ್ ಚೇಂಬರ್ ಒಳಗೆ ಚಾಚಿರಬಾರದು. ಚಾಚಿದ್ರೆ ಅದು ಕೆಂಪಗೆ ಕಾದು ಕಿಡಿಗಿಂತ ಮೊದಲೇ ಪೆಟ್ರೋಲ್ ಹೊತ್ತಿಸುತ್ತೆ. ಕೊನೆಗೆ ಪ್ಲಗ್ ಹಾಕಿ, ಸುತ್ತ ಸೋಪು ನೀರು ಬಿಟ್ಟು ಎಂಜಿನ್ ತಿರುಗಿಸಿ. ಗುಳ್ಳೆ ಬರಲಿಲ್ಲ ಅಂದ್ರೆ ಪಾಸ್.

ಒಂದು ತಮಾಷೆ. ಎಂಜಿನ್ ಇಳಿಸಿದಾಗ 1ನೇ ತೂತಲ್ಲಿ ಹಳೇ ಹೆಲಿಕಾಯಿಲ್ ಕಂಡಿತು! ಯಾರು, ಯಾವ ಕಾಲದಲ್ಲಿ ಹಾಕಿದ್ರೋ ಓನರ್‌ಗೂ ಗೊತ್ತಿಲ್ಲ, ಗಾಡಿ ಅವರ ಕೈಗೆ ಬರೋಕೆ ಮುಂಚಿನದು. ಇವತ್ತಿಗೂ ಗಟ್ಟಿ ಇದೆ. ಅಂದ್ರೆ ನಾನು ಬುಷ್ ಬುಷ್ ಅಂತ ಎಷ್ಟೇ ಕೂಗಿದ್ರೂ, ತಂತಿನೂ ಸರಿಯಾಗಿ ಹಾಕಿದ್ರೆ ಬಾಳುತ್ತೆ. ನನ್ನ ವಾದಕ್ಕೆ ಅರ್ಧ ಪೆಟ್ಟು, ಅರ್ಧ ಬೆಂಬಲ.

6/7
ಈ ಪೋಸ್ಟ್ ಬರೀಬೇಕೋ ಬೇಡ್ವೋ ಅಂತ ಎರಡು ದಿನ ಯೋಚನೆ ಮಾಡಿದೆ.

ಥ್ರೆಡ್ ಹೋದ ತಕ್ಷಣ ನಾನು ಓನರ್‌ಗೆ ಹೇಳಲಿಲ್ಲ. ಪ್ಲಗ್ಗನ್ನ ಹಂಗೇ ಒಳಗೆ ತಳ್ಳಿ ತಿರುಗಿಸಿ ನೋಡಿದೆ, ಒಂದೆರಡು ಸುತ್ತು ಹಿಡೀತು. ಕ್ಯಾಪ್ ಹಾಕಿದೆ. ಸ್ಟಾರ್ಟ್ ಮಾಡಿದೆ. ನಾಲ್ಕೂ ಸಿಲಿಂಡರ್ ಓಡಿತು. ಕೀ ವಾಪಸ್ ಕೊಟ್ಟು "ಆಯ್ತು" ಅಂದೆ. ಅವರು ಖುಷಿಯಿಂದ ಕೇಕ್ ಕೊಟ್ರು. ತಿಂದೆ.

ರಾತ್ರಿ ನಿದ್ದೆ ಬರಲಿಲ್ಲ. ತಲೆಯೊಳಗೆ ಓಡ್ತಾ ಇದ್ದಿದ್ದು ಮೇಲೆ ಹಾಕಿದ ಆ ಲೆಕ್ಕವೇ. ಅರವತ್ತು ಕೆ.ಜಿ., ಸೆಕೆಂಡಿಗೆ 25 ಸಲ. ಭಾನುವಾರ ಅವರು ಮೊಮ್ಮಕ್ಕಳನ್ನ ಕೂರಿಸ್ಕೊಂಡು ಹೋಗ್ತಾರೆ. ಮಕ್ಕಳು ಕೂರೋದು ಹಿಂದಿನ ಸೀಟಲ್ಲಿ. ಅದರ ಹಿಂದೆಯೇ ಎಂಜಿನ್, ಅಲ್ಲೇ ಕಾರ್ಬ್ಯುರೇಟರ್, ಅಲ್ಲೇ ಫ್ಯುಯೆಲ್ ಪಂಪ್. ಹೈವೇಯಲ್ಲಿ ಪ್ಲಗ್ ಹಾರಿದ್ರೆ ಬಿಸಿ ಗ್ಯಾಸು, ಉರಿಯದ ಪೆಟ್ರೋಲು ಎಲ್ಲಾ ಬರೋದು ಆ ಡಬ್ಬದೊಳಗೆ. ಏನೂ ಆಗದೇ ಇರಬಹುದು. ಆಗಲೂಬಹುದು. ಮೂವತ್ತು ವರ್ಷ ಆದ್ಮೇಲೆ ಆ ಗಾಡಿ ಕೊಂಡ್ಕೊಳ್ಳೋನಿಗೆ ಆಗೋ ತೊಂದರೆ ಅಲ್ಲ ಇದು, ಈ ಭಾನುವಾರದ್ದು.

ಬೆಳಿಗ್ಗೆ ಏಳು ಗಂಟೆಗೆ ಬಾಗಿಲು ತಟ್ಟಿ ಹೇಳಿದೆ. ಜರ್ಮನ್‌ನಲ್ಲಿ ಥ್ರೆಡ್‌ಗೆ ಏನಂತಾರೆ ಅಂತ ಹಿಂದಿನ ರಾತ್ರಿ ಹುಡುಕಿ ಇಟ್ಕೊಂಡಿದ್ದೆ. ಅವರು ಬೈಯಲಿಲ್ಲ, ನಗಲೂ ಇಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನೆಯೇ ಹೇಳಬೇಕಿತ್ತು" ಅಂದ್ರು. ಅಷ್ಟೇ. ಆ ಮಾತು ಸರಿ ಇತ್ತು. ಕಿಟ್ ಬಾಡಿಗೆ ನಾನು ಕೊಟ್ಟೆ. ವರ್ಕ್‌ಶಾಪ್‌ಗೆ ಅವರೂ ಬಂದ್ರು, ಸ್ಟೂಲ್ ಮೇಲೆ ಕೂತು ಟಾರ್ಚ್ ಹಿಡಿದ್ರು. ಆದರೆ ಆ ದಿನದಿಂದ ನಾನು ಮಾಡಿದ ಕೆಲಸವನ್ನ ಅವರು ಒಂದ್ಸಲ ಮುಟ್ಟಿ ನೋಡ್ತಾರೆ. ಅದನ್ನ ರಿಪೇರಿ ಮಾಡೋ ಕಿಟ್ ಇಲ್ಲ.

ಹಾಗಾಗಿ ನನ್ನ ನಿಜವಾದ ಅಭಿಪ್ರಾಯ ಇದು: ಥ್ರೆಡ್ ಹೋಗೋದು ತಪ್ಪಲ್ಲ, ಯಾರ ಕೈಯಲ್ಲಾದ್ರೂ ಹೋಗುತ್ತೆ. ಅದನ್ನ ಕ್ಯಾಪ್ ಹಾಕಿ ಮುಚ್ಚೋದು ತಪ್ಪು. ನಾಳೆ ನಾವು ಬ್ರೇಕು, ಸೇತುವೆ, ಲಿಫ್ಟು ಡಿಸೈನ್ ಮಾಡೋ ಜನ. ಈಗ್ಲೇ "ಸ್ಟಾರ್ಟ್ ಆಯ್ತಲ್ಲ" ಅಂತ ಸುಮ್ಮನಾಗೋದು ಕಲಿತ್ರೆ ಆಮೇಲೆ ಬಿಡಲ್ಲ.

7/7
ಕೊನೇದಾಗಿ ನಿಮಗೆ ಉಪಯೋಗ ಆಗೋದು. ಬೀಟಲ್ ಇಲ್ಲ ಅಂತ ಸ್ಕ್ರೋಲ್ ಮಾಡಬೇಡಿ. ಮೈಸೂರಲ್ಲಿ ತಯಾರಾದ ಜಾವಾ, ಯೆಜ್ಡಿಯಲ್ಲೂ ಇದೇ 14 ಮಿಲಿಮೀಟರ್ ಥ್ರೆಡ್ಡು, ಅದೇ ಗಾಳಿ ತಂಪಿನ ಅಲ್ಯೂಮಿನಿಯಂ ಹೆಡ್ಡು. ಎಷ್ಟೋ ಕಮ್ಯೂಟರ್ ಬೈಕ್‌ಗಳಲ್ಲಿ 10 ಮಿಲಿಮೀಟರ್, ಅದು ಇನ್ನೂ ನಾಜೂಕು.

• ಎಂಜಿನ್ ಬಿಸಿ ಇದ್ದಾಗ ಪ್ಲಗ್ ಬಿಚ್ಚಬೇಡಿ.
• ಬಿಚ್ಚೋಕೆ ಮುಂಚೆ ಸುತ್ತಲಿನ ಧೂಳು ಊದಿ.
• ಹಾಕುವಾಗ ಮೊದಲ ಸುತ್ತುಗಳು ಬೆರಳಲ್ಲೇ. ಕೈ ಹೋಗದಿದ್ರೆ ಪೆಟ್ರೋಲ್ ಪೈಪ್ ತುಂಡನ್ನ ಪ್ಲಗ್ ತಲೆಗೆ ಸಿಕ್ಕಿಸಿ ತಿರುಗಿಸಿ. ಓರೆ ಕೂತ್ರೆ ಪೈಪೇ ಜಾರುತ್ತೆ, ಥ್ರೆಡ್ ಉಳಿಯುತ್ತೆ.
• ಬಿಗಿ ಅನ್ನಿಸಿದ್ರೆ ವಾಪಸ್ ಬನ್ನಿ. "ಕಾರ್ಬನ್ ಇರಬೇಕು" ಅನ್ನಬೇಡಿ.
• 14 ಮಿಲಿಮೀಟರ್ ಪ್ಲಗ್‌ಗೆ, ಅಲ್ಯೂಮಿನಿಯಂ ಹೆಡ್ ಆದ್ರೆ, 25ರಿಂದ 30 ನ್ಯೂಟನ್ ಮೀಟರ್ ಸಾಕು. ಟಾರ್ಕ್ ರೆಂಚ್ ಇಲ್ಲದಿದ್ರೆ, ವಾಷರ್ ಇರೋ ಹೊಸ ಪ್ಲಗ್ ಬೆರಳಲ್ಲಿ ಕೂತ ಮೇಲೆ ಅರ್ಧದಿಂದ ಮುಕ್ಕಾಲಿಗಿಂತ ಕಡಿಮೆ ಸುತ್ತು. ಹಳೇ ಪ್ಲಗ್ಗಾದ್ರೆ ಅದಕ್ಕಿಂತ ತುಂಬಾ ಕಡಿಮೆ.
• ಥ್ರೆಡ್‌ಗೆ ಎಣ್ಣೆ, ಗ್ರೀಸ್ ಹಚ್ಚಿದ್ರೆ ಅದೇ ಟಾರ್ಕ್‌ನಲ್ಲಿ ಜಾಸ್ತಿ ಬಿಗಿಯಾಗುತ್ತೆ, ಹುಷಾರ್.
• ಬೀಟಲ್ ಇರೋರು ಪ್ಲಗ್ ಕ್ಯಾಪ್‌ನ ರಬ್ಬರ್ ಸೀಲ್ ಮರೀಬೇಡಿ. ಇಲ್ಲದಿದ್ರೆ ಎಂಜಿನ್ ತಂಪು ಮಾಡೋ ಗಾಳಿ ಅಲ್ಲಿಂದಲೇ ಸೋರುತ್ತೆ.

ಆ ಪೈಪ್ ತುಂಡಿನ ಉಪಾಯ ನನಗೆ ಹೇಳಿಕೊಟ್ಟಿದ್ದು ದಾವಣಗೆರೆಯ ನಮ್ಮ ಬೀದಿ ಮೆಕ್ಯಾನಿಕ್, ಅಪ್ಪನ ಯೆಜ್ಡಿ ರಿಪೇರಿ ಮಾಡುವಾಗ. ನಾನಾಗ ಒಂಬತ್ತನೇ ಕ್ಲಾಸು. ಮಾಸ್ಟರ್ಸ್ ಮಾಡೋಕೆ ಇಲ್ಲಿಗೆ ಬಂದು, ರ್‍ಯಾಚೆಟ್ ಹಿಡಿದ ತಕ್ಷಣ ಮರೆತೆ. ಈಗ ನನ್ನ ಟೂಲ್ ಬ್ಯಾಗ್‌ನಲ್ಲಿ ಒಂದು ಗೇಣು ಪೈಪ್ ಯಾವಾಗಲೂ ಇರುತ್ತೆ. ಕೊನೇ ಫೋಟೋದಲ್ಲಿ ಇರೋದು ಅದೇ.

ನೀವು ಹಾಳು ಮಾಡಿ ಮುಚ್ಚಿಟ್ಟಿರೋದು ಏನಾದ್ರೂ ಇದ್ರೆ ಕಮೆಂಟ್‌ನಲ್ಲಿ ಹೇಳಿ. ಅದಕ್ಕೂ ಮುಂಚೆ ಗಾಡಿ ಓನರ್‌ಗೆ ಹೇಳಿ.

#ಕನ್ನಡದಲ್ಲಿಮೆಕ್ಯಾನಿಕಲ್ #ಹಳೇಗಾಡಿ #ಥ್ರೆಡ್‌ಹೋಯ್ತು